ಹೊಸ ಅಕ್ವೇರಿಯಂ: ಮೀನು ಬಿಡುವ ಮೊದಲು ನೀರನ್ನು ಹದಗೊಳಿಸುವುದು ಹೇಗೆ

ಹೊಸದಾಗಿ ಅಕ್ವೇರಿಯಂ ಇಟ್ಟವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಶನಿವಾರ ತೊಟ್ಟಿ, ಕಲ್ಲು, ಫಿಲ್ಟರ್ ತಂದು ಜೋಡಿಸುತ್ತಾರೆ. ಭಾನುವಾರ ಹತ್ತು ಮೀನು ಬಿಡುತ್ತಾರೆ. ಮುಂದಿನ ವಾರಾಂತ್ಯದೊಳಗೆ ಆರು ಸತ್ತಿರುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಅಂಗಡಿಯಲ್ಲಿ ಕೇಳಿದರೆ ಒಂದು ನೀಲಿ ಔಷಧಿ, ಒಂದು ಹಿಡಿ ಕಲ್ಲುಪ್ಪು, ಜೊತೆಗೆ ಇನ್ನಾರು ಮೀನು ಕೊಟ್ಟು ಕಳಿಸುತ್ತಾರೆ.

ಇಲ್ಲಿ ತಪ್ಪುವುದು ಕೆಲಸದ ಸರದಿ. ಮೀನು ಕಿವಿರಿನ ಮೂಲಕ ಸದಾ ಅಮೋನಿಯ ಹೊರಹಾಕುತ್ತದೆ. ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ; ಮೂರನೆಯದು ಮಿತಿಯಲ್ಲಿದ್ದರೆ ತೊಂದರೆಯಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅವು ಬೆಳೆಯಲು ಮೂರರಿಂದ ಆರು ವಾರ ಬೇಕು. ಆ ವಾರಗಳಲ್ಲಿ ತೊಟ್ಟಿಯೊಳಗೆ ಮೀನು ಇರಬಾರದು, ಆದರೆ ಅಮೋನಿಯ ಇರಬೇಕು. ಮೀನಿಲ್ಲದೆ ಬರಿದೇ ಫಿಲ್ಟರ್ ಓಡಿಸಿ ತಿಂಗಳು ಕಾದರೂ ಏನೂ ಆಗುವುದಿಲ್ಲ. ತಿನ್ನಲು ಏನೂ ಇಲ್ಲದ ಕಡೆ ಬ್ಯಾಕ್ಟೀರಿಯ ಬೆಳೆಯುವುದಿಲ್ಲ.

ಲೆಕ್ಕಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಸಿಹಿನೀರಿನ ತೊಟ್ಟಿಯನ್ನು ತೆಗೆದುಕೊಂಡಿದ್ದೇನೆ. ನೀರಿನ ಉದಾಹರಣೆ ಬೆಂಗಳೂರಿನ ಮನೆಗಳದು: ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಮೂರೂ ಒಂದೇ ಸಂಪಿನಲ್ಲಿ ಬೆರೆಯುವಂಥದ್ದು.

## ಹಂತ 1: ಸಾಮಾನು ಮತ್ತು ಲೀಟರಿನ ಲೆಕ್ಕ

ಬೇಕಾದದ್ದು ಇಷ್ಟು: ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್; ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಈ ನಾಲ್ಕನ್ನೂ ಅಳೆಯುವ ಹನಿ ಹಾಕುವ ಟೆಸ್ಟ್ ಕಿಟ್; ಕ್ಷಾರೀಯತೆ ಅಳೆಯುವ ಕೆಎಚ್ ಕಿಟ್, ಥರ್ಮಾಮೀಟರ್, ಅಮೋನಿಯಂ ಕ್ಲೋರೈಡ್, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್, ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿ ಇಲ್ಲದ 10 ಮಿಲಿ ಸಿರಿಂಜ್, ಸೋಪು ಸೋಕದ ಒಂದು ಹೊಸ ಬಕೆಟ್, ಒಂದು ನೋಟ್‌ಬುಕ್.

ದುಡ್ಡು ಉಳಿಸಬೇಕೆಂದಿದ್ದರೆ ಅಲಂಕಾರದ ಬೊಂಬೆಯಲ್ಲಿ ಉಳಿಸಿ, ಟೆಸ್ಟ್ ಕಿಟ್‌ನಲ್ಲಿ ಬೇಡ. ಕಾಗದದ ಪಟ್ಟಿಗಳಲ್ಲಿ ಅನೇಕವು ಅಮೋನಿಯವನ್ನು ಅಳೆಯುವುದೇ ಇಲ್ಲ. ಇನ್ನು ಟಿಡಿಎಸ್ ಪೆನ್. ಕುಡಿಯುವ ನೀರಿಗಾಗಿ ಮನೆಮನೆಯಲ್ಲೂ ಇರುವ ಈ ಪೆನ್ನನ್ನು ತೊಟ್ಟಿಗೆ ಅದ್ದಿ ‘180 ಬರುತ್ತಿದೆ, ನೀರು ಚೆನ್ನಾಗಿದೆ’ ಎಂದು ನಂಬಿದವರ ಮೀನುಗಳು ಸಾಲಾಗಿ ಸತ್ತಿವೆ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ತೋರಿಸುತ್ತದೆ. ಮೀನು ಕೊಲ್ಲಲು ಲೀಟರಿಗೆ 1 ಅಥವಾ 2 ಮಿಲಿಗ್ರಾಂ ಅಮೋನಿಯ ಸಾಕು. ಆ ವ್ಯತ್ಯಾಸ ಪೆನ್ನಿನ ಕಣ್ಣಿಗೆ ಬೀಳುವುದಿಲ್ಲ.

ಲೀಟರ್ ತಿಳಿಯಲು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ನಮ್ಮ ತೊಟ್ಟಿ 60 × 30 × 30, ಅಂದರೆ 54 ಲೀಟರ್. ಕಲ್ಲು ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಸುಮಾರು 45 ಲೀಟರ್. ಮುಂದಿನ ಎಲ್ಲ ಅಳತೆಯೂ ಈ 45ರ ಮೇಲೆ.

## ಹಂತ 2: ನಿಮ್ಮ ನಲ್ಲಿಯ ನೀರಿನ ಜಾತಕ

ಹೆಚ್ಚಿನವರು ಹಾರಿ ಹೋಗುವ ಹಂತ ಇದು. ತೊಟ್ಟಿ ತುಂಬುವ ಮೊದಲು ಒಂದು ಬಕೆಟ್ ನೀರು ಹಿಡಿದು, ಏರ್ ಪಂಪಿನ ಕೊಳವೆ ಇಳಿಬಿಟ್ಟು, 24 ಗಂಟೆ ಗುಳ್ಳೆ ಬರಿಸಿ. ಪಿಎಚ್ ಅನ್ನು ಹಿಡಿದ ತಕ್ಷಣ ಒಮ್ಮೆ, ಮಾರನೆಯ ದಿನ ಒಮ್ಮೆ ಅಳೆಯಿರಿ. ಕೊಳವೆಬಾವಿಯ ನೀರು ನೆಲದಡಿಯಿಂದ ಇಂಗಾಲದ ಡೈಆಕ್ಸೈಡ್ ಹೊತ್ತು ಬರುತ್ತದೆ. ಅದು ಹಾರಿಹೋದ ಮೇಲೆ 7.2 ಇದ್ದ ಪಿಎಚ್ 8ರ ಮೇಲಕ್ಕೂ ಏರಬಹುದು. ಎರಡನೆಯ ಅಂಕಿಯೇ ನಿಮ್ಮ ತೊಟ್ಟಿಯ ನಿಜವಾದ ಪಿಎಚ್.

ಈ ಅಂಕಿಗೆ ಇಷ್ಟು ಮಹತ್ವ ಏಕೆ? ನೀರಿನಲ್ಲಿ ಅಮೋನಿಯ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟಾಗಿ ಹಾನಿ ಮಾಡುವುದಿಲ್ಲ. ಬಿಡಿ ಅಮೋನಿಯ ಕಿವಿರನ್ನು ಸುಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಬಿಡಿ ಅಮೋನಿಯ ಶೇ 1ಕ್ಕೂ ಕಡಿಮೆ. ಪಿಎಚ್ 8ರಲ್ಲಿ ಶೇ 5ರ ಆಸುಪಾಸು. ಕಿಟ್ ಎರಡನ್ನೂ ಕೂಡಿಸಿಯೇ ತೋರಿಸುತ್ತದೆ. ಹಾಗಾಗಿ ಒಂದೇ 1 ಮಿಲಿಗ್ರಾಂ ಅಂಕಿ ಮಲೆನಾಡಿನ ಮೆದು ನೀರಿನಲ್ಲಿ ಎಚ್ಚರಿಕೆಯಾದರೆ, ಕೋಲಾರದ ಕಡೆಯ ಗಡಸು ಬೋರ್ ನೀರಿನಲ್ಲಿ ಅಪಾಯ.

ಕ್ಷಾರೀಯತೆಯನ್ನೂ ಅಳೆದು ಬರೆದುಕೊಳ್ಳಿ. ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುವಾಗ ನೀರಿನ ಕ್ಷಾರೀಯತೆ ಖರ್ಚಾಗುತ್ತದೆ. ಅದು ಮುಗಿದರೆ ಪಿಎಚ್ ಕುಸಿದು ಎಲ್ಲ ಕೆಲಸ ನಿಂತುಹೋಗುತ್ತದೆ. ಬೋರ್ ನೀರಿನವರಿಗೆ ಈ ಚಿಂತೆಯಿಲ್ಲ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು, ಮಳೆ ನೀರು, ಆರ್‌ಒ ನೀರು ಬಳಸುವವರಿಗೆ ಇದೇ ದೊಡ್ಡ ಚಿಂತೆ. ಆರ್‌ಒ ನೀರು ಶುದ್ಧ ಎಂದು ಅದನ್ನೇ ತುಂಬುವುದು ಒಳ್ಳೆಯದೆಂದು ಬಹಳ ಜನ ನಂಬಿದ್ದಾರೆ. ಅದರಲ್ಲಿ ಮೀನಿಗೂ ಬ್ಯಾಕ್ಟೀರಿಯಕ್ಕೂ ಬೇಕಾದ ಲವಣಗಳೇ ಉಳಿದಿರುವುದಿಲ್ಲ.

ಕೊಳವೆಬಾವಿ ನೀರಿನ ನೈಟ್ರೇಟನ್ನೂ ಒಮ್ಮೆ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮ ಬೋರ್ ಅದನ್ನು ದಾಟಿದ್ದರೆ ಎಷ್ಟು ನೀರು ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಕ್ಲೋರಿನ್ ವಿಷಯ ಬೇಗ ಮುಗಿಸೋಣ. ಸರಬರಾಜಿನ ನೀರಿನಲ್ಲಿ ಅದು ಇದ್ದೇ ಇರುತ್ತದೆ. ಮೀನಿನ ಕಿವಿರಿಗೂ ನಾವು ಬೆಳೆಸುವ ಬ್ಯಾಕ್ಟೀರಿಯಕ್ಕೂ ಆಗಿಬರುವುದಿಲ್ಲ. ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಮಾರುವ ಹರಳು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಹಳೆಯ ಫೋಟೋ ಸ್ಟುಡಿಯೊದವರು ಹೈಪೋ ಎನ್ನುತ್ತಿದ್ದುದೂ ಇದನ್ನೇ. 10 ಗ್ರಾಂ ಹರಳನ್ನು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು, 10 ಲೀಟರ್ ನೀರಿಗೆ 1 ಮಿಲಿ ಹಾಕಿ. ಸಂಪಿಗೋ ಮೇಲಿನ ಟ್ಯಾಂಕಿಗೋ ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದ ವಾರ ಆ ನೀರನ್ನು ಮುಟ್ಟಲೇಬೇಡಿ. ಅಪಾರ್ಟ್‌ಮೆಂಟಿನಲ್ಲಿರುವವರು ಟ್ಯಾಂಕ್ ತೊಳೆಯುವ ದಿನಾಂಕವನ್ನು ಕಾವಲುಗಾರರ ಬಳಿ ಕೇಳಿಟ್ಟುಕೊಳ್ಳುವುದು ಒಳಿತು.

## ಹಂತ 3: ಜೋಡಣೆ

ಕಲ್ಲನ್ನು ಬರೀ ನೀರಿನಲ್ಲಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಣ್ಣ ಹಚ್ಚಿದ ಕಲ್ಲು, ಕಪ್ಪೆಚಿಪ್ಪು, ಅಮೃತಶಿಲೆಯ ಚೂರು ಬೇಡ. ಚಿಪ್ಪು ಮತ್ತು ಅಮೃತಶಿಲೆ ಮೆಲ್ಲಗೆ ಕರಗಿ ಗಡಸುತನ ಹೆಚ್ಚಿಸುತ್ತವೆ. ಸಂದೇಹವಿದ್ದರೆ ಕಲ್ಲಿನ ಮೇಲೆ ಎರಡು ಹನಿ ನಿಂಬೆರಸ ಬಿಡಿ. ನೊರೆಗುಳ್ಳೆ ಬಂದರೆ ಅದನ್ನು ಹೊರಗಿಡಿ.

ನೀರು ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಓಡಿಸಿ. ಇನ್ನು ಮುಂದೆ ಅದು ಹಗಲೂ ರಾತ್ರಿ ಓಡಬೇಕು. ‘ರಾತ್ರಿ ಸದ್ದು’ ಎಂದು ಆರಿಸುವ ಮನೆಗಳಲ್ಲಿ ಸ್ಪಂಜಿನೊಳಗಿನ ಬ್ಯಾಕ್ಟೀರಿಯ ಆಮ್ಲಜನಕವಿಲ್ಲದೆ ಸೊರಗುತ್ತದೆ. ವಿದ್ಯುತ್ ಆಗಾಗ ಹೋಗುವ ಊರಿನವರು ಬ್ಯಾಟರಿಯಿಂದ ಓಡುವ ಏರ್ ಪಂಪ್ ಇಟ್ಟುಕೊಳ್ಳಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ; ಕೆಳಗಿದ್ದರೆ ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿದು ಪಂಪು, ನೆಲ ಎರಡೂ ಹಾಳು.

ಸೊಳ್ಳೆಬತ್ತಿ, ಪ್ಲಗ್‌ಗೆ ಚುಚ್ಚುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇರುವ ಕೋಣೆಯಲ್ಲಿ ತೊಟ್ಟಿ ಇಡಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು ಮೀನಿಗೆ ಅತಿ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರವಾಗಿ ನೀರಿಗೇ ಊದುತ್ತದೆ. ಎಲ್ಲ ಅಂಕಿಗಳೂ ಸರಿಯಿದ್ದು ರಾತ್ರೋರಾತ್ರಿ ಇಡೀ ತೊಟ್ಟಿ ಸತ್ತಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ.

## ಹಂತ 4: ಅಮೋನಿಯ ಹಾಕುವುದು

ಗುರಿ: ಲೀಟರಿಗೆ 2 ಮಿಲಿಗ್ರಾಂ. ಒಂದು ಹಿಡಿ ಮೀನಿನ ಆಹಾರ ಹಾಕಿ ಕೊಳೆಸುವ ವಿಧಾನವೂ ಇದೆ. ಆದರೆ ಎಷ್ಟು ಹಾಕಿದಿರಿ ಎಂಬ ಲೆಕ್ಕ ಸಿಗುವುದಿಲ್ಲ, ಮನೆಯವರು ವಾಸನೆ ತಡೆಯುವುದಿಲ್ಲ. ಅಮೋನಿಯಂ ಕ್ಲೋರೈಡ್ ಅಗ್ಗ, ವಾಸನೆಯಿಲ್ಲ, ಅಳತೆ ಖಚಿತ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು. ಆದರೆ ಗ್ರಂಥಿಗೆ ಅಂಗಡಿಯ ನವಸಾಗರದಲ್ಲಿ ಏನೇನು ಬೆರೆತಿದೆಯೋ ತಿಳಿಯದು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಿಂದ ಶುದ್ಧವಾದದ್ದನ್ನೇ ತನ್ನಿ. ನೆಲ ತೊಳೆಯುವ, ಗಾಜು ಒರೆಸುವ ಅಮೋನಿಯ ದ್ರಾವಣ ಬೇಡವೇ ಬೇಡ. ಅದರಲ್ಲಿ ಸೋಪು, ಸುಗಂಧ ಸೇರಿರುತ್ತದೆ.

10 ಗ್ರಾಂ ಪುಡಿಯನ್ನು ಒಂದು ಬಾಟಲಿಗೆ ಹಾಕಿ, ಒಟ್ಟು 500 ಮಿಲಿ ಆಗುವಂತೆ ನೀರು ಸೇರಿಸಿ ಕರಗಿಸಿ. ಬಾಟಲಿಯ ಮೇಲೆ ‘ವಿಷ’ ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಈ ದ್ರಾವಣವನ್ನು 10 ಲೀಟರ್ ನೀರಿಗೆ 3 ಮಿಲಿ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಬರುತ್ತದೆ. ನಮ್ಮ 45 ಲೀಟರಿಗೆ 13.5 ಮಿಲಿ. ಹಾಕಿ ಒಂದು ಗಂಟೆ ಬಿಟ್ಟು ಅಳೆಯಿರಿ. ಕಿಟ್‌ನಲ್ಲಿ 2ರ ಹತ್ತಿರದ ಬಣ್ಣ ಬಂದರೆ ನಿಮ್ಮ ಲೀಟರಿನ ಲೆಕ್ಕವೂ ಸರಿಯಿದೆ ಎಂದರ್ಥ.

ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎಂಬುದು ಸುಳ್ಳು. ಅಮೋನಿಯ 5 ಮಿಲಿಗ್ರಾಂ ದಾಟಿದರೆ ಬ್ಯಾಕ್ಟೀರಿಯದ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಬಣ್ಣ ಓದುವುದರಲ್ಲೂ ಒಂದು ಕ್ರಮವಿದೆ. ಗಾಜಿನ ನಳಿಕೆಯನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು ನೋಡಿ. ಸೊನ್ನೆಯ ಅಪ್ಪಟ ಹಳದಿಗೂ 0.25ರ ತಿಳಿಹಸಿರು ಬೆರೆತ ಹಳದಿಗೂ ಇರುವ ಭೇದ ಹಳದಿ ಬಲ್ಬಿನ ಕೆಳಗೆ ಕಾಣುವುದೇ ಇಲ್ಲ. ನೈಟ್ರೇಟ್ ಕಿಟ್‌ನಲ್ಲಿ ಪುಡಿ ತಳ ಕಟ್ಟುವ ಬಾಟಲಿ ಇದ್ದರೆ ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕಿಯೇ ಹನಿ ಹಾಕಬೇಕು. ಇಲ್ಲವಾದರೆ ಸುಳ್ಳು ಸೊನ್ನೆ ತೋರಿಸುತ್ತದೆ.

ಬೇಗ ಮುಗಿಯಬೇಕೆಂದರೆ ನಿಜಕ್ಕೂ ಕೆಲಸ ಮಾಡುವ ಉಪಾಯ ಒಂದಿದೆ: ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿಯ ಫಿಲ್ಟರಿನಿಂದ ಬಳಸಿದ ಸ್ಪಂಜಿನ ತುಂಡು. ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತಂದು ಅಂದೇ ನಿಮ್ಮ ಫಿಲ್ಟರಿಗೆ ಸೇರಿಸಿ. ಬರೀ ಹಳೆಯ ನೀರು ತಂದು ಸುರಿದರೆ ಉಪಯೋಗ ಕಡಿಮೆ. ಬ್ಯಾಕ್ಟೀರಿಯ ಅಂಟಿಕೊಂಡಿರುವುದು ಸ್ಪಂಜಿಗೆ ಮತ್ತು ಕಲ್ಲಿಗೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯ ಹಾಕುವುದಾದರೆ ಹಾಕಿ, ಆದರೆ ಲೇಬಲ್ ಮೇಲಿನ ‘ಇಂದೇ ಮೀನು ಬಿಡಿ’ ಎಂಬ ಮಾತನ್ನು ನಂಬಿ ಪರೀಕ್ಷೆ ಬಿಡಬೇಡಿ.

## ಹಂತ 5: ಕಾಯುವ ವಾರಗಳು

ಎರಡು ದಿನಕ್ಕೊಮ್ಮೆ ಅಮೋನಿಯ ಮತ್ತು ನೈಟ್ರೈಟ್, ವಾರಕ್ಕೊಮ್ಮೆ ಪಿಎಚ್ ಮತ್ತು ಕೆಎಚ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮೊದಲ ವಾರ ಏನೂ ಆಗುವುದಿಲ್ಲ. ನೀರು ಹಾಲು ಬೆರೆತಂತೆ ಬೆಳ್ಳಗಾದರೆ ಗಾಬರಿ ಬೇಡ; ಅದು ಬೇರೆ ಜಾತಿಯ ಬ್ಯಾಕ್ಟೀರಿಯದ ಹೆಚ್ಚಳ, ತಾನಾಗಿ ಇಳಿಯುತ್ತದೆ. ಅದನ್ನು ಕಂಡು ತೊಟ್ಟಿ ಪೂರ್ತಿ ಖಾಲಿ ಮಾಡಿ ಕಲ್ಲು, ಸ್ಪಂಜು ಎಲ್ಲ ನಲ್ಲಿಯಡಿ ತೊಳೆದವರು ಮತ್ತೆ ಮೊದಲ ದಿನಕ್ಕೆ ಬಂದು ನಿಲ್ಲುತ್ತಾರೆ.

ನಂತರ ಅಮೋನಿಯ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಅಮೋನಿಯ 0.5ರ ಕೆಳಗೆ ಬಂದಾಗಲೆಲ್ಲ ಮತ್ತೆ 13.5 ಮಿಲಿ ಹಾಕಿ. 2 ಮಿಲಿಗ್ರಾಂ ಅಮೋನಿಯದಿಂದ ಸುಮಾರು 5 ಮಿಲಿಗ್ರಾಂ ನೈಟ್ರೈಟ್ ಹುಟ್ಟುತ್ತದೆ, ಅಂದರೆ ಅನೇಕ ಕಿಟ್‌ಗಳ ಕೊನೆಯ ಗೆರೆಯನ್ನು ಒಂದೇ ಡೋಸ್ ಮುಟ್ಟಿಸುತ್ತದೆ. ಬಣ್ಣ ಪಟ್ಟಿಯ ಕೊನೆಗೆ ಹೋದ ಮೇಲೆ ಅದು 5 ಇರಬಹುದು, 20 ಇರಬಹುದು. ತಿಳಿಯಲು ತೊಟ್ಟಿಯ ನೀರು 1 ಮಿಲಿ, ಆರ್‌ಒ ನೀರು 4 ಮಿಲಿ ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು 5ರಿಂದ ಗುಣಿಸಿ. ತೀರಾ ಹೆಚ್ಚಿದ್ದರೆ ಅಮೋನಿಯ ಹಾಕುವುದನ್ನು ನಿಲ್ಲಿಸಿ, ಅರ್ಧ ನೀರು ಬದಲಿಸಿ. ಈ ದಿನಗಳಲ್ಲಿ ನೈಟ್ರೇಟ್ ಅಂಕಿಯನ್ನು ನಂಬಬೇಡಿ. ನೀರಿನಲ್ಲಿ ನೈಟ್ರೈಟ್ ಇದ್ದಾಗ ನೈಟ್ರೇಟ್ ಕಿಟ್ ಅದನ್ನೂ ಸೇರಿಸಿ ತೋರಿಸುತ್ತದೆ.

ಜನ ಸೋಲುವುದು ಇಲ್ಲಿಯೇ. ಅಮೋನಿಯ ಸೊನ್ನೆ ಕಂಡ ಸಂತೋಷಕ್ಕೆ ಮೀನು ತರುತ್ತಾರೆ, ನೈಟ್ರೈಟ್ ನೋಡಿರುವುದಿಲ್ಲ. ನೈಟ್ರೈಟನ್ನು ತಿನ್ನುವ ಎರಡನೆಯ ಗುಂಪು ನಿಧಾನ. ನೈಟ್ರೈಟ್ ಎರಡು ವಾರ ಕದಲದೆ ನಿಂತಂತೆ ಕಂಡು, ಒಂದು ದಿನ ಇದ್ದಕ್ಕಿದ್ದಂತೆ ಇಳಿಯುವುದು ಸಾಮಾನ್ಯ.

ಪಿಎಚ್ 6.5ರ ಕೆಳಗೆ ಬಂದು ಅಮೋನಿಯವೂ ನಿಂತಲ್ಲೇ ನಿಂತಿದೆಯೇ? ಕ್ಷಾರೀಯತೆ ಮುಗಿದಿದೆ. ಒಂದೊಂದು ಡೋಸ್ ಅಮೋನಿಯವನ್ನು ಬ್ಯಾಕ್ಟೀರಿಯ ತಿನ್ನುವಾಗಲೂ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಮೂರು ನಾಲ್ಕು ಡೋಸಿಗೇ ಖಜಾನೆ ಖಾಲಿ. 3 ಗ್ರಾಂ ಅಡುಗೆ ಸೋಡಾ, ಅಂದರೆ ಸುಮಾರು ಅರ್ಧ ಟೀ ಚಮಚ, ಕರಗಿಸಿ ಹಾಕಿದರೆ 45 ಲೀಟರಿನ ಕೆಎಚ್ ಎರಡು ಡಿಗ್ರಿ ಏರುತ್ತದೆ.

ಚಳಿಗಾಲದಲ್ಲಿ ಬೆಂಗಳೂರು, ಮಡಿಕೇರಿಯ ಮನೆಗಳಲ್ಲಿ ನೀರು 20 ಡಿಗ್ರಿಗೆ ಇಳಿದಾಗ ಎಲ್ಲವೂ ನಿಧಾನವಾಗುತ್ತದೆ. ಹೀಟರ್ ಇಟ್ಟು 26ರಿಂದ 28ರಲ್ಲಿ ನಿಲ್ಲಿಸಿ.

## ಹಂತ 6: 24 ಗಂಟೆಯ ಪರೀಕ್ಷೆ

ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ದಿನ ಪೂರ್ಣ ಡೋಸ್, ಅಂದರೆ 13.5 ಮಿಲಿ, ಹಾಕಿ. ಮರುದಿನ ಅದೇ ಹೊತ್ತಿಗೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಬರಬೇಕು. ನೈಟ್ರೈಟ್ 0.25 ಕಂಡರೂ ಅನುತ್ತೀರ್ಣ. ಇನ್ನೆರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಸತತ ಎರಡು ಸಲ ದಾಟಿದರೆ ತೊಟ್ಟಿ ಸಿದ್ಧ.

ಈಗ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು ಬದಲಿಸಿ, ಏಕೆಂದರೆ ಇಷ್ಟು ವಾರಗಳ ನೈಟ್ರೇಟ್ ಒಳಗೇ ಕೂತಿದೆ. 40 ಮಿಲಿಗ್ರಾಮಿನ ಕೆಳಗೆ ಬಂದರೆ ಸಾಕು. ಫಿಲ್ಟರ್ ಸ್ಪಂಜನ್ನು ಮುಟ್ಟಬೇಡಿ. ಮೀನು ಅಂದು ಅಥವಾ ಮರುದಿನ ಬರಬೇಕು; ಮುಂದೂಡಿದರೆ ದಿನಕ್ಕಿಷ್ಟು ಎಂದು ಅಮೋನಿಯ ಹಾಕುತ್ತಲೇ ಇರಬೇಕು.

## ಹಂತ 7: ಮೀನು ತರುವುದು

ನೀರಿಗೆ ತಕ್ಕ ಮೀನು ಆರಿಸಿ. ಗಡಸು ಬೋರ್ ನೀರಿಗೆ ಗಪ್ಪಿ, ಪ್ಲಾಟಿ. ಮೆದು ನೀರಿಗೆ ಟೆಟ್ರಾಗಳು. ಎರಡು ಅಡಿ ತೊಟ್ಟಿಗೆ ಮೊದಲು ಐದಾರು ಚಿಕ್ಕ ಮೀನು ಸಾಕು. ಗೋಲ್ಡ್‌ಫಿಷ್ ಇಷ್ಟು ಚಿಕ್ಕ ತೊಟ್ಟಿಗೆ ಬೇಡ. ಗಾಜು ಒರೆಸುತ್ತದೆ ಎಂದು ಕೊಡುವ ಸಕ್ಕರ್ ಮೀನೂ ಬೇಡ: ಅದು ಒಂದು ಅಡಿಗೂ ಮೀರಿ ಬೆಳೆದು, ಹಿಕ್ಕೆ ಹಾಕುವುದರಲ್ಲಿ ಎಲ್ಲರನ್ನೂ ಮೀರಿಸುತ್ತದೆ, ಆಮೇಲೆ ಕೆರೆಗೆ ಬಿಟ್ಟು ಕೆರೆಯನ್ನೂ ಕೆಡಿಸುತ್ತಾರೆ.

ಅಂಗಡಿಯಿಂದ ತಂದ ಚೀಲವನ್ನು 20 ನಿಮಿಷ ತೇಲಿಬಿಟ್ಟು ಉಷ್ಣತೆ ಹೊಂದಿಸಿ, ತೊಟ್ಟಿಯ ನೀರನ್ನು ಲೋಟದಷ್ಟು ಎರಡು ಮೂರು ಸಲ ಚೀಲಕ್ಕೆ ಬೆರೆಸಿ, ಬಲೆಯಿಂದ ಮೀನನ್ನಷ್ಟೇ ಬಿಡಿ. ಚೆನ್ನೈ ಕೊಳತ್ತೂರಿನಂಥ ಕಡೆಯಿಂದ ಪಾರ್ಸೆಲ್‌ನಲ್ಲಿ ಗಂಟೆಗಟ್ಟಲೆ ಬಂದ ಚೀಲಕ್ಕೆ ಬೇರೆ ನಿಯಮ. ಮೀನಿನ ಉಸಿರಿನಿಂದ ಅದರೊಳಗೆ ಪಿಎಚ್ ತಗ್ಗಿ, ಅಮೋನಿಯ ನಿರಪಾಯ ರೂಪದಲ್ಲಿ ತುಂಬಿರುತ್ತದೆ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅದು ವಿಷವಾಗುತ್ತದೆ. ಅಂಥ ಚೀಲವನ್ನು ಮುಚ್ಚಿದಂತೆಯೇ ತೇಲಿಬಿಟ್ಟು, ಬಿಚ್ಚಿದ ಮೇಲೆ ತಡ ಮಾಡದೆ ತೊಟ್ಟಿಗೆ ದಾಟಿಸಿ.

ಮೊದಲ ಎರಡು ವಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ. ಸ್ಪಂಜು ಕಟ್ಟಿಕೊಂಡರೆ ಹೊರತೆಗೆದ ತೊಟ್ಟಿಯ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಎಂದೂ ಬೇಡ. ಮುಂದಿನ ಮೀನುಗಳಿಗೆ ಎರಡು ವಾರದ ಅಂತರ ಕೊಡಿ.

## ಮೀನು ಈಗಾಗಲೇ ಬಿಟ್ಟಾಗಿದ್ದರೆ

ಸಾವಿನ ದಿನ ಕಾರಣವನ್ನು ಸೂಚಿಸುತ್ತದೆ. ಬಿಟ್ಟ ಕೆಲವೇ ಗಂಟೆಗಳಲ್ಲಿ ಸತ್ತರೆ ಕ್ಲೋರಿನ್, ಕೀಟನಾಶಕ ಅಥವಾ ಉಷ್ಣತೆಯ ಆಘಾತ. ಮೂರರಿಂದ ಹತ್ತು ದಿನಗಳಲ್ಲಾದರೆ ಹೆಚ್ಚಾಗಿ ಅಮೋನಿಯ: ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ, ರೆಕ್ಕೆ ಮುದುಡಿಕೊಳ್ಳುತ್ತದೆ, ಕಿವಿರು ಕೆಂಪೇರುತ್ತದೆ. ಎರಡು ವಾರ ದಾಟಿ ಸಾಯತೊಡಗಿದರೆ ನೈಟ್ರೈಟ್: ಅದು ರಕ್ತದ ಆಮ್ಲಜನಕ ಹೊರುವ ಶಕ್ತಿ ಕುಂದಿಸುವುದರಿಂದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ, ಗುಳ್ಳೆ ಎಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ. ಎಲ್ಲ ಅಂಕಿ ಸೊನ್ನೆಯಿದ್ದು ಒಂದೇ ಮೀನು ಸತ್ತರೆ ಸಾಗಣೆಯ ದಣಿವೋ ರೋಗವೋ ಇರಬಹುದು; ಅದಕ್ಕೆ ನೀರನ್ನು ದೂರಬೇಡಿ.

ಮಾಡಬೇಕಾದ ಕೆಲಸದ ಸರದಿ ಇದು:

1. ಅಮೋನಿಯ, ನೈಟ್ರೈಟ್, ಪಿಎಚ್ ಅಳೆಯಿರಿ. ಸತ್ತ ಮೀನನ್ನು ತಕ್ಷಣ ತೆಗೆಯಿರಿ.
2. ಆಹಾರ ನಿಲ್ಲಿಸಿ. ಆರೋಗ್ಯವಂತ ಬೆಳೆದ ಮೀನು ಎರಡು ಮೂರು ದಿನ ಉಪವಾಸ ತಡೆಯುತ್ತದೆ.
3. ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ಅರ್ಧ ಬದಲಿಸಿ. ತೊಟ್ಟಿಯ ಪಿಎಚ್ 6ಕ್ಕೆ ಇಳಿದು ಅಮೋನಿಯ ಹೆಚ್ಚಿದ್ದರೆ, ಪಿಎಚ್ 8ರ ಬೋರ್ ನೀರನ್ನು ಒಮ್ಮೆಲೇ ಸುರಿಯಬೇಡಿ. ನಿರಪಾಯವಾಗಿದ್ದದ್ದು ಆ ಕ್ಷಣವೇ ವಿಷವಾಗುತ್ತದೆ. ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ಬದಲಿಸಿ.
4. ಗಾಳಿ ಹೆಚ್ಚಿಸಿ.
5. ನೈಟ್ರೈಟ್ ಇದ್ದರೆ ಮಾತ್ರ ಅಯೋಡಿನ್ ಇಲ್ಲದ ಉಪ್ಪು, 45 ಲೀಟರಿಗೆ ಒಂದು ಟೀ ಚಮಚ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಕ್ಕೆ ಹೋಗುವುದನ್ನು ತಡೆಯುತ್ತದೆ. ಅಮೋನಿಯಕ್ಕೆ ಉಪ್ಪಿನಿಂದ ಪ್ರಯೋಜನವಿಲ್ಲ.
6. ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಮತ್ತು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಮುಖ್ಯ ತೊಟ್ಟಿಗೆ ಬೇಡ. ಎರಡೂ ಬ್ಯಾಕ್ಟೀರಿಯಕ್ಕೆ ಹಾನಿ ಮಾಡುತ್ತವೆ. ಚಿಕಿತ್ಸೆ ಬೇಕಿದ್ದರೆ ಬೇರೆ ಬಕೆಟ್ಟಿನಲ್ಲಿ.

ಅಮೋನಿಯ ಅಥವಾ ನೈಟ್ರೈಟ್ 0.25 ದಾಟಿದ ಪ್ರತಿದಿನವೂ ಈ ನೀರು ಬದಲಾವಣೆ ನಡೆಯಲಿ. ಎರಡೂ ಒಂದು ವಾರ ಪೂರ್ತಿ ಸೊನ್ನೆ ನಿಂತ ಮೇಲೆ ಪರೀಕ್ಷೆಯನ್ನು ವಾರಕ್ಕೊಮ್ಮೆಗೆ ಇಳಿಸಿ. ಅಲ್ಲಿಯವರೆಗೆ ಸತ್ತ ಮೀನಿನ ಬದಲಿಗೆ ಹೊಸ ಮೀನು ತರಬೇಡಿ.